ಉಪ್ಪುಸರೋವರದ ನೀರಿನಿಂದ ವಿದ್ಯುತ್ ಬಳಸಿ ಲಿಥಿಯಂ ತೆಗೆಯುವ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳನ್ನು ಮುಖ್ಯವಾಗಿ ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಉಪ್ಪುಸರೋವರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಲೆಕ್ಕಗಳನ್ನು ಯಾರು ಬೇಕಾದರೂ ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಬಹುದು. ಊಹೆಯ ಅಂಕಿ ಹಿಡಿದ ಕಡೆ ಹಾಗೆಂದೇ ಹೇಳಿದ್ದೇನೆ.

ಯಾವ ಸರೋವರ? ಅದರಲ್ಲಿ ವಿಶೇಷವೇನು?

ಚಿಂಗ್‌ಹಾಯ್‌ನ ಚೈದಾಮ್ ಬಯಲು ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರದಲ್ಲಿರುವ ಒಣ ತಗ್ಗು ಪ್ರದೇಶ. ಸುತ್ತ ಬೆಟ್ಟಗಳಿವೆ. ಹರಿದು ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ, ಆವಿಯಾಗುವುದೊಂದೇ ಗತಿ. ಅಲ್ಲಿನ ಚಾರ್‌ಹಾನ್ ಸರೋವರವೆಂದರೆ 5,800 ಚದರ ಕಿಲೋಮೀಟರ್‌ನಷ್ಟು ಹರಡಿರುವ ಉಪ್ಪಿನ ನೆಲ. ದಶಕಗಳಿಂದ ಅಲ್ಲಿ ಪೊಟ್ಯಾಷ್ ಗೊಬ್ಬರ ತೆಗೆಯುತ್ತಾರೆ. ಪೊಟ್ಯಾಷ್ ತೆಗೆದ ಮೇಲೆ ಉಳಿಯುವ ಮಂದ, ಕಹಿ ದ್ರವದಲ್ಲಿ ಲಿಥಿಯಂ ಇದೆ.

ಲಿಥಿಯಂ ಎಷ್ಟಿದೆ ಎಂಬುದಕ್ಕಿಂತ ಅದರ ಜೊತೆಗೆ ಮೆಗ್ನೀಸಿಯಂ ಎಷ್ಟಿದೆ ಎಂಬುದು ಮುಖ್ಯ. ಚಿಲಿಯ ಅಟಕಾಮದಲ್ಲಿ ಲೀಟರಿಗೆ ಸುಮಾರು 1,500 ಮಿಲಿಗ್ರಾಂ ಲಿಥಿಯಂ ಇದ್ದು, ಮೆಗ್ನೀಸಿಯಂ ಅದರ ಆರು ಪಟ್ಟು. ಬೊಲಿವಿಯಾದ ಉಯುನಿಯಲ್ಲಿ ಸುಮಾರು ಇಪ್ಪತ್ತು ಪಟ್ಟು. ಚೈದಾಮ್‌ನ ತೈಜಿನಾರ್ ಸರೋವರಗಳಲ್ಲಿ ಹತ್ತಾರು ಪಟ್ಟು. ಚಾರ್‌ಹಾನ್‌ನಲ್ಲಿ ಪೊಟ್ಯಾಷ್ ತೆಗೆದ ನಂತರವೂ ನೂರಾರು ಪಟ್ಟು.

ಬಿಸಿಲಿಗೆ ಒಣಗಿಸಿದರೆ ಸಾಲದೇ?

ಅಟಕಾಮದಲ್ಲಿ ಸಾಕು. ಕೊಳಗಳಲ್ಲಿ ವರ್ಷ, ಒಂದೂವರೆ ವರ್ಷ ನಿಲ್ಲಿಸಿ ಇಂಗಿಸುತ್ತಾರೆ, ಉಳಿದ ಮೆಗ್ನೀಸಿಯಂ ಅನ್ನು ಸುಣ್ಣ, ಸೋಡಾ ಹಾಕಿ ಇಳಿಸುತ್ತಾರೆ. ಚಾರ್‌ಹಾನ್‌ನ ನೀರಿಗೆ ಅದೇ ಉಪಾಯ ಹೂಡಿದರೆ ಏನಾಗುತ್ತದೆ ನೋಡಿ. ಮೆಗ್ನೀಸಿಯಂ ಲಿಥಿಯಂನ 500 ಪಟ್ಟು ಎಂದಿಟ್ಟುಕೊಳ್ಳೋಣ. ಒಂದು ಕಿಲೋ ಮೆಗ್ನೀಸಿಯಂ ಇಳಿಸಲು 2.3 ಕಿಲೋ ಸುಟ್ಟ ಸುಣ್ಣ ಬೇಕು. ಅಂದರೆ ಒಂದು ಕಿಲೋ ಲಿಥಿಯಂಗಾಗಿ 1,150 ಕಿಲೋ ಸುಣ್ಣ ಸುರಿದು, 1,200 ಕಿಲೋ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕೆಸರು ಪಡೆಯಬೇಕು. ಆ ಕೆಸರು ಲೋಳೆಯಂಥದ್ದು, ಸೋಸಲು ಬಗ್ಗುವುದಿಲ್ಲ, ಹೋಗುವಾಗ ಲಿಥಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೆಗ್ನೀಸಿಯಂ ಅನ್ನು ಅದರ ಪಾಡಿಗೆ ಬಿಟ್ಟು, ಲಿಥಿಯಂ ಒಂದನ್ನೇ ಹೆಕ್ಕುವ ದಾರಿ ಬೇಕು.

ವಿದ್ಯುತ್ತಿನಿಂದ ಹೆಕ್ಕುವುದು ಹೇಗೆ?

ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಗೊತ್ತಲ್ಲ, ಎಲ್‌ಎಫ್‌ಪಿ ಎನ್ನುತ್ತಾರೆ. ಅದರ ಹರಳಿನೊಳಗೆ ಲಿಥಿಯಂ ಅಯಾನು (ವಿದ್ಯುದಂಶ ಹೊತ್ತ ಕಣ) ಓಡಾಡುವಷ್ಟೇ ಅಗಲದ ಸುರಂಗಗಳಿವೆ. ಲಿಥಿಯಂ ಹೊರತೆಗೆದರೆ ಬರಿಯ ಕಬ್ಬಿಣದ ಫಾಸ್ಫೇಟ್ ಉಳಿಯುತ್ತದೆ, ಸುರಂಗ ಖಾಲಿ ಇರುತ್ತದೆ.

ಒಂದು ತೊಟ್ಟಿಯನ್ನು ಮೆಂಬ್ರೇನ್ ಎಂಬ ತೆಳುಪೊರೆಯಿಂದ ಎರಡು ಭಾಗ ಮಾಡಿ. ಒಂದು ಕಡೆ ಸರೋವರದ ಬ್ರೈನ್, ಅಂದರೆ ಗಾಢ ಉಪ್ಪುನೀರು; ಅದರಲ್ಲಿ ಖಾಲಿ ಇಲೆಕ್ಟ್ರೋಡ್, ಅಂದರೆ ಲಿಥಿಯಂ ತೆಗೆದ ಎಲ್‌ಎಫ್‌ಪಿ ಬಳಿದ, ಕರೆಂಟು ಹಾಯಿಸುವ ತಟ್ಟೆ. ಇನ್ನೊಂದು ಕಡೆ ತೆಳುವಾದ ಶುದ್ಧ ಉಪ್ಪುನೀರು, ಅದರಲ್ಲಿ ಲಿಥಿಯಂ ತುಂಬಿದ ಇಲೆಕ್ಟ್ರೋಡ್. ಕರೆಂಟು ಹರಿಸಿದರೆ ಖಾಲಿಯದು ಬ್ರೈನ್‌ನಿಂದ ಲಿಥಿಯಂ ಹೀರುತ್ತದೆ, ತುಂಬಿದ್ದು ಶುದ್ಧ ನೀರಿಗೆ ಬಿಡುತ್ತದೆ. ಪೊರೆ ಕ್ಲೋರೈಡ್‌ಗೆ ಮಾತ್ರ ದಾರಿ ಕೊಟ್ಟು ವಿದ್ಯುದಂಶದ ಸಮತೋಲ ಕಾಯುತ್ತದೆ. ಒಂದು ತುಂಬಿ ಇನ್ನೊಂದು ಖಾಲಿಯಾದಾಗ ಎರಡನ್ನೂ ಅದಲುಬದಲು ಮಾಡಿ ಮತ್ತೆ ಶುರು.

ವಿಚಾರ ಹೊಸದಲ್ಲ. 1993ರಲ್ಲೇ ಜಪಾನಿನ ಕಾನೊ ಮತ್ತು ಊಯಿ ಅವರ ತಂಡ ಮ್ಯಾಂಗನೀಸ್ ಆಕ್ಸೈಡ್ ಇಲೆಕ್ಟ್ರೋಡ್ ಬಳಸಿ ಇದನ್ನು ತೋರಿಸಿತ್ತು. 2012ರಲ್ಲಿ ಮೌರೊ ಪಾಸ್ತಾ, ಫಾಬಿಯೊ ಲಾ ಮಾಂತಿಯಾ ಮತ್ತು ಜೊತೆಗಾರರು ಕಬ್ಬಿಣದ ಫಾಸ್ಫೇಟ್ ಹಾಗೂ ಬೆಳ್ಳಿಯ ಜೋಡಿಯಿಂದ ಕಿಲೋಗೆ 144 ವಾಟ್-ಗಂಟೆಯ ಲೆಕ್ಕದಲ್ಲಿ ಲಿಥಿಯಂ ಹೆಕ್ಕಿದರು. ಮೇಲೆ ಹೇಳಿದ ಎರಡು ಕೋಣೆಯ ಅದಲುಬದಲು ವಿಧಾನವನ್ನು ಚೀನಾದ ಸೆಂಟ್ರಲ್ ಸೌತ್ ವಿಶ್ವವಿದ್ಯಾಲಯದ ಝಾವ್ ಝೊಂಗ್‌ವೇ ತಂಡ ಬೆಳೆಸಿತು.

ಮೆಗ್ನೀಸಿಯಂ ಅದೇ ಸುರಂಗಕ್ಕೆ ನುಗ್ಗುವುದಿಲ್ಲವೇ?

ಗಾತ್ರ ನೋಡಿದರೆ ನುಗ್ಗಬೇಕು. ಲಿಥಿಯಂ ಅಯಾನಿನ ತ್ರಿಜ್ಯ 0.76 ಆಂಗ್‌ಸ್ಟ್ರಾಂ, ಮೆಗ್ನೀಸಿಯಂನದು 0.72. ಆದರೆ ಮೆಗ್ನೀಸಿಯಂಗೆ ಎರಡು ಧನಾಂಶ. ಅದು ಸುತ್ತಲಿನ ನೀರಿನ ಅಣುಗಳನ್ನು ಲಿಥಿಯಂಗಿಂತ ಸುಮಾರು ನಾಲ್ಕು ಪಟ್ಟು ಶಕ್ತಿಯಿಂದ ಹಿಡಿದುಕೊಂಡಿರುತ್ತದೆ. ಆ ನೀರನ್ನು ಕಳಚದೆ ಸುರಂಗಕ್ಕೆ ಪ್ರವೇಶವಿಲ್ಲ, ಕಳಚಿಕೊಂಡು ಒಳಗೆ ಹೋದರೂ ಓಟ ತೀರಾ ನಿಧಾನ. ಎಲ್‌ಎಫ್‌ಪಿಗೆ ನಿಜವಾದ ಎದುರಾಳಿ ಸೋಡಿಯಂ. ಅದು ಸ್ವಲ್ಪ ಕಡಿಮೆ ವೋಲ್ಟೇಜಿನಲ್ಲಿ ಸುರಂಗ ಸೇರಿಬಿಡುತ್ತದೆ. ಪೊಟ್ಯಾಷ್ ತೆಗೆದ ಚಾರ್‌ಹಾನ್ ದ್ರವದಲ್ಲಿ ಸೋಡಿಯಂ ಬಹುಪಾಲು ಮೊದಲೇ ಹರಳಾಗಿ ಹೋಗಿರುವುದರಿಂದ ಈ ಇಲೆಕ್ಟ್ರೋಡ್ ಅಲ್ಲಿಗೆ ಹೇಳಿ ಮಾಡಿಸಿದಂತಿದೆ.

ಇಲೆಕ್ಟ್ರೋಡ್ ಇಷ್ಟು ಜಾಣನಾದರೆ ಯಂತ್ರದಲ್ಲಿ ಸುಧಾರಿಸಲು ಏನಿದೆ?

ಬಹಳಷ್ಟಿದೆ. ಪ್ರಯೋಗಾಲಯದ ಪ್ರಬಂಧಗಳಲ್ಲಿ ಹೊಗಳಿಕೆಯೆಲ್ಲ ಇಲೆಕ್ಟ್ರೋಡ್‌ನ ರಸಾಯನಶಾಸ್ತ್ರಕ್ಕೆ ಸಲ್ಲುತ್ತದೆ. ಸರೋವರದ ದಂಡೆಯಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಪೈಪು, ಪಂಪು, ತೊಳೆಯುವ ನೀರು, ಸೀಲು ಮತ್ತು ತಟ್ಟೆಗಳ ನಡುವಿನ ಅಂತರದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಲೆಕ್ಕದಿಂದ ಶುರು ಮಾಡೋಣ. ಬ್ರೈನ್ ಹರಿಯುತ್ತಿದ್ದರೂ ಇಲೆಕ್ಟ್ರೋಡ್‌ಗೆ ಅಂಟಿಕೊಂಡ ತೆಳುಪದರ ನಿಂತೇ ಇರುತ್ತದೆ. ಲಿಥಿಯಂ ಅದನ್ನು ಮೆಲ್ಲಗೆ ವಿಸರಣದಿಂದ, ಅಂದರೆ ತಾನಾಗಿ ಹರಡಿಕೊಳ್ಳುತ್ತಾ, ದಾಟಬೇಕು. ಪದರದ ದಪ್ಪ 0.1 ಮಿಲಿಮೀಟರ್, ಲಿಥಿಯಂ ಲೀಟರಿಗೆ 200 ಮಿಲಿಗ್ರಾಂ, ವಿಸರಣದ ವೇಗ ಸಾದಾ ನೀರಿನಲ್ಲಿರುವಷ್ಟು ಎಂದಿಟ್ಟುಕೊಂಡರೆ, ಚದರ ಮೀಟರಿಗೆ ಗರಿಷ್ಠ 28 ಆಂಪಿಯರ್ ಮಾತ್ರ ಹರಿಸಬಹುದು. ಮಂದ ಬ್ರೈನ್‌ನಲ್ಲಿ ಇದು ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಕಾಸ್ಟಿಕ್ ಸೋಡಾ ಕಾರ್ಖಾನೆಯ ಮೆಂಬ್ರೇನ್ ಸೆಲ್‌ಗಳು (ಇಲೆಕ್ಟ್ರೋಡ್, ಪೊರೆ ಇರುವ ಇಂಥವೇ ತೊಟ್ಟಿಗಳು) ಚದರ ಮೀಟರಿಗೆ 4,000 ಆಂಪಿಯರ್‌ಗೂ ಮೇಲೆ ಓಡುತ್ತವೆ.

ಈಗ ವರ್ಷಕ್ಕೆ 1,000 ಟನ್ ಲಿಥಿಯಂ ಕಾರ್ಬೊನೇಟ್ ಕೊಡುವ ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿರುವ ಲಿಥಿಯಂ 188 ಟನ್. ವರ್ಷಕ್ಕೆ 8,000 ಗಂಟೆ ಓಡಿದರೆ ಗಂಟೆಗೆ 23.5 ಕಿಲೋ, ಅದಕ್ಕೆ ಬೇಕಾದ ಒಟ್ಟು ಕರೆಂಟು ಸುಮಾರು 91,000 ಆಂಪಿಯರ್. ಚದರ ಮೀಟರಿಗೆ 25 ಆಂಪಿಯರ್‌ನಂತೆ ಹೀರುವ ಇಲೆಕ್ಟ್ರೋಡೇ 3,600 ಚದರ ಮೀಟರ್ ಆಯಿತು, ಬಿಡುವ ಇಲೆಕ್ಟ್ರೋಡ್ ಇನ್ನೊಂದು ಅಷ್ಟು. ನೀರಿನಲ್ಲಿರುವ ಲಿಥಿಯಂನ 80% ಹಿಡಿದರೂ ಗಂಟೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಬ್ರೈನ್ ಹರಿಸಬೇಕು. ಬೀಕರಿನಲ್ಲಿ ಕಾಣದ ಕಷ್ಟಗಳೆಲ್ಲ ಈ ಗಾತ್ರದಲ್ಲಿ ಎದ್ದು ಕೂರುತ್ತವೆ.

ನೀರಿನ ಹರಿವನ್ನು ಹೇಗೆ ಸುಧಾರಿಸುತ್ತಾರೆ?

ಆ ನಿಂತ ಪದರವನ್ನು ತೆಳುವಾಗಿಸುವುದು ಮೊದಲ ಕೆಲಸ. ತಟ್ಟೆಗಳ ಅಂತರವನ್ನು ಕೆಲವೇ ಮಿಲಿಮೀಟರಿಗೆ ಇಳಿಸಿ, ನಡುವೆ ಪ್ಲಾಸ್ಟಿಕ್ ಜಾಲರಿ ಇಟ್ಟರೆ ಬ್ರೈನ್ ಸುಳಿಸುಳಿಯಾಗಿ ಹರಿದು ಪದರವನ್ನು ಕೆದಕುತ್ತದೆ. ತೊಟ್ಟಿಯಲ್ಲಿ ಕಲಕುವ ಫ್ಯಾನು ಹಾಕುವುದು ಹಳೆಯ ಉಪಾಯ. ಅದು ತೊಟ್ಟಿಯ ಮಧ್ಯವನ್ನಷ್ಟೇ ಕಲಕುತ್ತದೆ, ತಟ್ಟೆಗಳ ಸಂದಿಗೆ ಅದರ ಬಿಸಿ ಮುಟ್ಟುವುದಿಲ್ಲ.

ಎರಡನೆಯದು ಸಮ ಹಂಚಿಕೆ, ಇದು ಇನ್ನೂ ಕಷ್ಟ. ಸಾಲಾಗಿ ನಿಂತ ನೂರು ಸಂದಿಗಳಿಗೆ ಒಂದೇ ಪೈಪಿನಿಂದ ಬ್ರೈನ್ ಬಿಟ್ಟರೆ ವಿಶ್ವೇಶ್ವರಯ್ಯ ನಾಲೆಯ ಕಥೆಯೇ: ಮೇಲ್ಭಾಗದವರ ಗದ್ದೆ ತುಂಬಿ ತುಳುಕುತ್ತದೆ, ಕೊನೆ ಭಾಗದವರು ಕಾದು ಕೂರುತ್ತಾರೆ. ಲಿಥಿಯಂ ಸಿಗದ ಇಲೆಕ್ಟ್ರೋಡ್ ಸುಮ್ಮನಿರುವುದಿಲ್ಲ. ಅದರ ಮೇಲೆ ಬೀಳುವ ಕರೆಂಟು ಬೇರೆ ಕೆಲಸ ಹುಡುಕಿಕೊಂಡು ಸೋಡಿಯಂ ಹೀರುತ್ತದೆ, ನೀರನ್ನು ಒಡೆಯುತ್ತದೆ. ಅದಕ್ಕೇ ಪ್ರತಿ ಸಂದಿಗೂ ಸಣ್ಣ ರಂಧ್ರದ ತಡೆ ಇಟ್ಟು ಒತ್ತಡ ಸಮ ಮಾಡುತ್ತಾರೆ, ಒಳಹರಿವು ಹೊರಹರಿವುಗಳನ್ನು ಎದುರುಬದುರು ಮೂಲೆಗಳಲ್ಲಿ ಇಡುತ್ತಾರೆ. ರಂಧ್ರ ಸಣ್ಣದಾದಷ್ಟೂ ಹಂಚಿಕೆ ಚೆನ್ನ. ಉಪ್ಪಿನ ಹರಳು ಕಟ್ಟಿಕೊಳ್ಳುವ ಭಯವೂ ಅಷ್ಟೇ ಹೆಚ್ಚು.

ಮೂರನೆಯ ಉಪಾಯ ಸೆಲ್‌ಗಳನ್ನು ಹಂತಹಂತವಾಗಿ ಜೋಡಿಸುವುದು. ಹೊಸ ಬ್ರೈನ್ ಮೊದಲು ಮುಕ್ಕಾಲು ತುಂಬಿದ ಇಲೆಕ್ಟ್ರೋಡ್ ಮುಟ್ಟಲಿ, ಲಿಥಿಯಂ ಇಳಿದ ಬ್ರೈನ್ ಕೊನೆಗೆ ಪೂರ್ತಿ ಖಾಲಿ ಇಲೆಕ್ಟ್ರೋಡ್ ಮುಟ್ಟಲಿ. ಹಸಿದವನ ಮುಂದೆ ತೆಳು ಗಂಜಿ ಇಟ್ಟರೂ ಬಿಡುವುದಿಲ್ಲ. ಕರೆಂಟನ್ನೂ ಹಂತಹಂತಕ್ಕೆ ಇಳಿಸಬೇಕು. ಎಲ್ಲ ಹಂತಕ್ಕೂ ಒಂದೇ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಸಾಧನ) ಕಟ್ಟಿ ಹಣ ಉಳಿಸಿದ ವಿನ್ಯಾಸ ಕಂಡರೆ ನನಗೆ ಅನುಮಾನ ಬರುತ್ತದೆ.

ಇಲೆಕ್ಟ್ರೋಡನ್ನು ದಪ್ಪ ಮಾಡಿದರೆ ಆಗದೇ?

ಮಾಡಲೇಬೇಕು, ಆದರೆ ಒಂದು ಮಿತಿಯವರೆಗೆ. ಒಂದು ಗ್ರಾಂ ಎಲ್‌ಎಫ್‌ಪಿ ಹೆಚ್ಚೆಂದರೆ 44 ಮಿಲಿಗ್ರಾಂ ಲಿಥಿಯಂ ಹಿಡಿಯುತ್ತದೆ. ಚದರ ಮೀಟರಿಗೆ 500 ಗ್ರಾಂ ಪುಡಿ ಬಳಿದು, ಗ್ರಾಂಗೆ 30 ಮಿಲಿಗ್ರಾಂನಂತೆ ಬಳಕೆಗೆ ಬಂದರೆ ಒಂದು ಸರದಿಗೆ 15 ಗ್ರಾಂ ಸಿಗುತ್ತದೆ. 25 ಆಂಪಿಯರ್‌ನಲ್ಲಿ ಅದು ಎರಡೂಕಾಲು ಗಂಟೆಯ ಕೆಲಸ. ತೆಳುವಾಗಿ ಬಳಿದರೆ ಅರ್ಧ ಗಂಟೆಗೊಮ್ಮೆ ಅದಲುಬದಲು ಮಾಡಬೇಕಾಗುತ್ತದೆ. ತೀರಾ ದಪ್ಪವಾದರೆ ಬ್ರೈನ್ ಒಳಗಿಳಿಯುವುದಿಲ್ಲ, ಹೊರಮೈ ಮಾತ್ರ ದುಡಿಯುತ್ತದೆ.

ಅದಕ್ಕೆ ಪರಿಹಾರವಾಗಿ ಬಳಿಯುವ ಮಿಶ್ರಣಕ್ಕೆ ಉಪ್ಪಿನ ಪುಡಿ ಸೇರಿಸಿ, ಒಣಗಿದ ಮೇಲೆ ನೀರಿನಲ್ಲಿ ಕರಗಿಸಿ ತೆಗೆಯುವುದುಂಟು. ಅಲ್ಲಲ್ಲಿ ಕಾಲುವೆಗಳು ಉಳಿಯುತ್ತವೆ. ಕಾರ್ಬನ್ ನಾರು ಸೇರಿಸಿದರೆ ವಿದ್ಯುತ್ ಒಳಗಿನವರೆಗೂ ಸಾಗುತ್ತದೆ, ಬಿರುಕೂ ತಡೆಯುತ್ತದೆ. ಲಿಥಿಯಂ ಬಂದುಹೋಗುವಾಗ ಹರಳು ಸುಮಾರು 7% ಹಿಗ್ಗಿ ಕುಗ್ಗುವುದರಿಂದ ಬಿರುಕು ಸಣ್ಣ ವಿಷಯವಲ್ಲ. ಆಧಾರಕ್ಕೆ ಟೈಟಾನಿಯಂ ಜಾಲರಿ ಬಳಸುತ್ತಾರೆ. ತಾಮ್ರವೂ ಸಾದಾ ಉಕ್ಕೂ ಈ ಕ್ಲೋರೈಡ್ ನೀರಿನಲ್ಲಿ ಬಾಳುವುದಿಲ್ಲ.

ಅದಲುಬದಲು ಮಾಡುವುದು ಸುಲಭದ ಕೆಲಸವಲ್ಲವೇ?

ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ ಇದೇ, ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಎರಡು ದಾರಿಗಳಿವೆ. ಇಲೆಕ್ಟ್ರೋಡ್ ತಟ್ಟೆಗಳನ್ನು ಕ್ರೇನಿನಿಂದ ಎತ್ತಿ, ತೊಳೆದು, ಪಕ್ಕದ ಕೋಣೆಗೆ ಇಳಿಸುವುದು ಒಂದು. ತಟ್ಟೆಗಳನ್ನು ಅಲ್ಲೇ ಬಿಟ್ಟು ದ್ರವಗಳನ್ನು ಬದಲಿಸಿ, ಕರೆಂಟಿನ ದಿಕ್ಕು ತಿರುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ತಟ್ಟೆ ಬಾಗುತ್ತದೆ, ಪುಡಿ ಉದುರುತ್ತದೆ, ತಂತಿಯ ಜೋಡಣೆಗಳು ಸಡಿಲವಾಗುತ್ತವೆ. ಎರಡನೆಯದರಲ್ಲಿ ಕವಾಟಗಳು ಜಾಸ್ತಿ, ತೊಳೆಯುವ ಕೆಲಸ ಕಠಿಣ.

ಎಷ್ಟು ಕಠಿಣ? ತಟ್ಟೆಯ ಮುಂದೆ 5 ಮಿಲಿಮೀಟರ್ ಸಂದಿ ಇದ್ದರೆ ಚದರ ಮೀಟರಿಗೆ 5 ಲೀಟರ್ ಬ್ರೈನ್ ಇರುತ್ತದೆ. ಲೀಟರಿಗೆ 100 ಗ್ರಾಂ ಮೆಗ್ನೀಸಿಯಂ ಹಿಡಿದರೆ ಒಟ್ಟು 500 ಗ್ರಾಂ. ಬ್ರೈನ್ ಖಾಲಿ ಮಾಡುವಾಗ ಬರೀ 1% ಹಿಂದೆ ಉಳಿದರೂ 5 ಗ್ರಾಂ ಮೆಗ್ನೀಸಿಯಂ, ಆ ಸರದಿಯಲ್ಲಿ ಸಿಕ್ಕ 15 ಗ್ರಾಂ ಲಿಥಿಯಂಗೆ ಬೆರೆಯುತ್ತದೆ. ಹರಳು ಅಷ್ಟು ಜಾಣತನದಿಂದ ಹೊರಗಿಟ್ಟಿದ್ದ ಮೆಗ್ನೀಸಿಯಂ ಒಂದು ಮೂಲೆಯಲ್ಲಿ ನಿಂತ ಹನಿಗಳ ಮೂಲಕ ಒಳಬರುತ್ತದೆ. ಹಾಗಾಗಿ ತೊಟ್ಟಿಯ ತಳಕ್ಕೆ ಇಳಿಜಾರು ಕೊಡುವುದು, ಮೂಲೆಗಳನ್ನು ದುಂಡಗೆ ಮಾಡುವುದು, ಗಾಳಿ ಊದಿ ಬ್ರೈನ್ ತಳ್ಳುವುದು ಇವೆಲ್ಲ ದೊಡ್ಡ ಸುಧಾರಣೆಗಳೇ.

ತೊಳೆಯುವ ನೀರಿಗೂ ಲೆಕ್ಕ ಬೇಕು, ಚೈದಾಮ್ ಒಣಭೂಮಿ. ಒಮ್ಮೆಲೇ ಬಹಳ ನೀರು ಸುರಿಯುವ ಬದಲು ಮೂರು ನಾಲ್ಕು ಹಂತಗಳಲ್ಲಿ, ಹಿಂದಿನ ಸರದಿಯ ಎರಡನೇ ತೊಳೆನೀರನ್ನೇ ಈ ಸರದಿಯ ಮೊದಲ ತೊಳೆತಕ್ಕೆ ಬಳಸುತ್ತಾ ಹೋದರೆ ಶುದ್ಧ ನೀರು ಬಹಳಷ್ಟು ಉಳಿಯುತ್ತದೆ. ಮೊದಲ ತೊಳೆನೀರು ಮರಳಿ ಬ್ರೈನ್‌ಗೆ ಹೋಗುತ್ತದೆ.

ವೋಲ್ಟೇಜ್ ಏರಿಸಿದರೆ ಬೇಗ ಮುಗಿಯುವುದಿಲ್ಲವೇ?

ಇಲ್ಲ. ಲಿಥಿಯಂ ಬರುವ ವೇಗವನ್ನು ಆ ನಿಂತ ಪದರ ನಿರ್ಧರಿಸುತ್ತದೆ. ಅದಕ್ಕೂ ಮೀರಿ ಒತ್ತಿದರೆ ಬ್ರೈನ್‌ನಲ್ಲಿ ಕರಗಿದ ಆಮ್ಲಜನಕವೂ ನೀರೂ ಇಲೆಕ್ಟ್ರಾನ್ ಹೀರಿಕೊಂಡು ತಟ್ಟೆಯ ಬಳಿ ಕ್ಷಾರ ಹೆಚ್ಚುತ್ತದೆ. ಅಲ್ಲಿ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿಳಿ ಪೊರೆಯಾಗಿ ಕೂತು ರಂಧ್ರ ಮುಚ್ಚುತ್ತದೆ. ಕ್ಷಾರ ಇನ್ನೂ ಏರಿದರೆ ಕಬ್ಬಿಣದ ಫಾಸ್ಫೇಟೇ ಕೊಳೆಯತೊಡಗುತ್ತದೆ. ಸೆಲ್‌ಗೆ ಹೊರಗಿನಿಂದ ಎಷ್ಟು ವೋಲ್ಟೇಜ್ ಕೊಟ್ಟೆವು ಎಂಬುದಷ್ಟನ್ನೇ ನೋಡದೆ, ಪ್ರತಿ ಇಲೆಕ್ಟ್ರೋಡ್‌ನ ವೋಲ್ಟೇಜನ್ನು ಪ್ರತ್ಯೇಕವಾಗಿ ಅಳೆಯುವ ರೆಫರೆನ್ಸ್ ಕಡ್ಡಿ ಇಡುವುದು ಒಳ್ಳೆಯದು. ಕರೆಂಟನ್ನು ಮಿಡಿತಗಳಾಗಿ ಕೊಟ್ಟು, ನಡುನಡುವೆ ಬಿಡುವು ಬಿಟ್ಟರೆ ಲಿಥಿಯಂಗೆ ಆದ್ಯತೆ ಹೆಚ್ಚುತ್ತದೆ ಎಂದು ಅಮೆರಿಕದಲ್ಲಿ ಚೊಂಗ್ ಲಿಯು, ಯಿ ತ್ಸುಯಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದಾರೆ. ಇದಕ್ಕೆ ಯಂತ್ರದ ಮೈ ಬದಲಿಸಬೇಕಿಲ್ಲ, ವಿದ್ಯುತ್ ಪೂರೈಕೆಯ ನಿಯಂತ್ರಣ ಬದಲಿಸಿದರೆ ಆಯಿತು.

ಮೆಂಬ್ರೇನ್ ಇಲ್ಲದೆ ಮಾಡಬಹುದೇ?

ಆಗುತ್ತದೆ. ಬೆಳ್ಳಿ ಅಥವಾ ಪಾಲಿಪಿರೋಲ್‌ನಂಥ (ವಿದ್ಯುತ್ ಹರಿಸುವ ಒಂದು ಪ್ಲಾಸ್ಟಿಕ್) ಕ್ಲೋರೈಡ್ ಹಿಡಿಯುವ ಇಲೆಕ್ಟ್ರೋಡ್ ಜೋಡಿಸಿದರೆ ಒಂದೇ ಕೋಣೆ ಸಾಕು. ಅರ್ಜೆಂಟೀನಾದಲ್ಲಿ ಎರ್ನೆಸ್ಟೊ ಕಾಲ್ವೊ ಪಾಲಿಪಿರೋಲ್ ದಾರಿಯಲ್ಲಿ ಕೆಲಸ ಮಾಡಿದವರು. ಬೆಳ್ಳಿಯ ಬೆಲೆ ನೋಡಿದರೆ ಸಾವಿರಾರು ಚದರ ಮೀಟರಿಗೆ ಅದು ಮಾತೇ ಅಲ್ಲ. ಮೆಂಬ್ರೇನ್ ಇಟ್ಟುಕೊಂಡರೆ ಬೇರೆ ತಲೆನೋವು: ತೆಳು ಉಪ್ಪುನೀರಿನ ಕಡೆಯಿಂದ ಗಾಢ ಬ್ರೈನ್ ಕಡೆಗೆ ನೀರು ತಾನಾಗಿ ಎಳೆಯಲ್ಪಡುತ್ತದೆ. ಎರಡೂ ಬದಿಯ ಒತ್ತಡ ಹೊಂದದಿದ್ದರೆ ಪೊರೆ ಉಬ್ಬಿ ತಟ್ಟೆಗೆ ತಾಗಿ ಹರಿದುಹೋಗುತ್ತದೆ. ಜಾಲರಿಯ ಆಸರೆ ಎರಡೂ ಕಡೆ ಬೇಕು.

ಕರೆಂಟಿನ ಖರ್ಚು ಎಷ್ಟು?

ಹೆದರುವಷ್ಟಿಲ್ಲ. ಒಂದು ಟನ್ ಲಿಥಿಯಂ ಕಾರ್ಬೊನೇಟ್‌ಗೆ ಸುಮಾರು 7.26 ಲಕ್ಷ ಆಂಪಿಯರ್-ಗಂಟೆ ಬೇಕು. ಸೆಲ್ 0.5 ವೋಲ್ಟ್‌ನಲ್ಲಿ, 90% ದಕ್ಷತೆಯಲ್ಲಿ ಓಡಿದರೆ ಸುಮಾರು 400 ಯೂನಿಟ್. ಪಂಪುಗಳು, ನಂತರ ಸಿಗುವ ತೆಳು ದ್ರಾವಣವನ್ನು ಗಾಢಗೊಳಿಸುವುದು, ಶುದ್ಧೀಕರಣ ಇವೆಲ್ಲ ಬೇರೆ. 2012ರ ಆ 144 ವಾಟ್-ಗಂಟೆಯ ಅಂಕಿಯನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ಕಿಲೋ ಲಿಥಿಯಂಗೆ ಒಂದು ಯೂನಿಟ್‌ನ ಏಳನೇ ಒಂದು ಭಾಗ, ಇಲ್ಲಿ ಎರಡು ಯೂನಿಟ್‌ಗೂ ಮೇಲೆ. ಕಾರ್ಖಾನೆಗೆ ಬೇಕಾದ ವೇಗದಲ್ಲಿ ಓಡಿಸಿದ್ದಕ್ಕೆ ತೆರುವ ಬೆಲೆ ಅದು. ಚಾರ್‌ಹಾನ್‌ಗೆ ಹತ್ತಿರದ ಗೋಲ್‌ಮುಡ್ ಸುತ್ತ ದೊಡ್ಡ ಸೌರ ವಿದ್ಯುತ್ ಸ್ಥಾವರಗಳಿವೆ. ಬಿಸಿಲಿದ್ದಾಗ ಜೋರಾಗಿ, ಇಲ್ಲದಾಗ ಮೆಲ್ಲಗೆ ಓಡಿಸಲು ಈ ಸೆಲ್‌ಗಳು ಒಗ್ಗುತ್ತವೆ.

ಚಳಿಗಾಲದಲ್ಲಿ?

ಚೈದಾಮ್‌ನ ಚಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಬ್ರೈನ್ ಸುಲಭಕ್ಕೆ ಹೆಪ್ಪುಗಟ್ಟದಿದ್ದರೂ ಮಂದವಾಗುತ್ತದೆ, ಪೈಪುಗಳಲ್ಲಿ ಉಪ್ಪು ಹರಳು ಕಟ್ಟುತ್ತದೆ. ಪೈಪಿಗೆ ಹೊದಿಕೆ, ಸೆಲ್‌ಗಳಿಗೆ ಕಟ್ಟಡ, ಒಳಬರುವ ಬ್ರೈನ್‌ಗೆ ಹೊರಹೋಗುವ ಬ್ರೈನ್‌ನ ಬಿಸಿ. ಇಷ್ಟೇ.

ಇಲೆಕ್ಟ್ರೋಡ್ ಎಷ್ಟು ಕಾಲ ಬಾಳಬೇಕು?

ಹೀರಲು ಎರಡೂಕಾಲು, ಬಿಡಲು ಎರಡೂಕಾಲು ಗಂಟೆ ಎಂದರೆ 8,000 ಗಂಟೆಯ ವರ್ಷಕ್ಕೆ ಸುಮಾರು 1,780 ಪೂರ್ಣ ಸುತ್ತು. ಬ್ಯಾಟರಿಯೊಳಗಿನ ಎಲ್‌ಎಫ್‌ಪಿ ಸಾವಿರಾರು ಸುತ್ತು ಬಾಳುತ್ತದೆ, ಆದರೆ ಅಲ್ಲಿ ನೀರಿನ ಸೋಂಕೇ ಇರುವುದಿಲ್ಲ. ಇಲ್ಲಿ ಅದು ಮುಳುಗಿರುವುದೇ ನೀರಿನಲ್ಲಿ. ನೂರು ಸುತ್ತಿನ ಫಲಿತಾಂಶ ತೋರಿಸಿ ಬೀಗುವ ಸುದ್ದಿ ಓದಿದಾಗ, ಅದು ಕಾರ್ಖಾನೆಯ ಮೂರು ವಾರದ ಕೆಲಸ ಎಂದು ನೆನಪಿಟ್ಟುಕೊಳ್ಳಿ. ತಟ್ಟೆಗಳನ್ನು ಒಂದೊಂದಾಗಿ ಕಳಚಿ ಬದಲಿಸುವಂಥ ಚೌಕಟ್ಟು ಇರುವ ಯಂತ್ರ, ಒಂದೇ ತುಂಡಾಗಿ ಬೆಸೆದ ಯಂತ್ರಕ್ಕಿಂತ ಯಾವತ್ತೂ ಮೇಲು.

ಈಗ ಚಾರ್‌ಹಾನ್‌ನಲ್ಲಿ ಲಿಥಿಯಂ ತೆಗೆಯುತ್ತಿರುವುದು ಈ ವಿಧಾನದಿಂದಲೇ?

ಮುಖ್ಯ ಉತ್ಪಾದನೆ ಹೀರುಪದಾರ್ಥದ ವಿಧಾನದಿಂದ. ಅಲ್ಯೂಮಿನಿಯಂ ಆಧಾರಿತ ಹರಳಿನ ಕಾಳುಗಳು ಲಿಥಿಯಂ ಕ್ಲೋರೈಡ್ ಹಿಡಿಯುತ್ತವೆ, ನೀರು ಹರಿಸಿದರೆ ಬಿಡುತ್ತವೆ. ಕರೆಂಟಿನ ಗೊಡವೆಯಿಲ್ಲ, ಅನುಭವ ವರ್ಷಗಳದ್ದು. ಅದು ಸೋಲುವುದು ನೀರಿನ ಬಳಕೆಯಲ್ಲಿ, ಸಿಗುವ ದ್ರಾವಣವೂ ತೆಳು. ವಿದ್ಯುತ್ ವಿಧಾನಕ್ಕೆ ಅವಕಾಶವಿರುವುದು ಅಲ್ಲೇ. ತೊಳೆಯುವ ನೀರಿಗೆ ಕಡಿವಾಣ ಹಾಕದಿದ್ದರೆ ಆ ಅವಕಾಶವೂ ಕೈಬಿಡುತ್ತದೆ.

ಮಂಡ್ಯದ ಲಿಥಿಯಂಗೆ ಈ ಯಂತ್ರ ಬಳಸಬಹುದೇ?

ನೇರವಾಗಿ ಆಗದು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿರುವ 1,600 ಟನ್ ಲಿಥಿಯಂ ಇರುವುದು ಪೆಗ್ಮಟೈಟ್ ಬಂಡೆಯೊಳಗೆ. ಬಂಡೆಯನ್ನು ಪುಡಿ ಮಾಡಿ, ಹುರಿದು, ಆಮ್ಲದಲ್ಲಿ ಕರಗಿಸುವ ದಾರಿ ಪೂರ್ತಿ ಬೇರೆ. ಬ್ರೈನ್‌ಗಾಗಿ ದೇಶದೊಳಗೆ ಹೆಸರಿಸಲಾಗುವ ಜಾಗಗಳೆಂದರೆ ರಾಜಸ್ಥಾನದ ಸಾಂಭರ್, ಪಚ್‌ಪದ್ರಾ ಮತ್ತು ಗುಜರಾತಿನ ಕಚ್ಛ್ ರಣ್.

ಭಾರತಕ್ಕೆ ಈ ಯಂತ್ರದ ಸಂಬಂಧ ಹತ್ತಿರವಾಗುವುದು ಅರ್ಜೆಂಟೀನಾದಲ್ಲಿ. ಸರ್ಕಾರಿ ಜಂಟಿ ಕಂಪನಿ ಕಾಬಿಲ್ 2024ರ ಜನವರಿಯಲ್ಲಿ ಕಟಮಾರ್ಕಾ ಪ್ರಾಂತ್ಯದ ಸರ್ಕಾರಿ ಗಣಿ ಕಂಪನಿ ಕಾಮಿಯೆನ್ ಜೊತೆ ಐದು ಬ್ರೈನ್ ಬ್ಲಾಕ್‌ಗಳ ಪರಿಶೋಧನೆಗೆ ಒಪ್ಪಂದ ಮಾಡಿಕೊಂಡಿದೆ. ಒಟ್ಟು ವಿಸ್ತೀರ್ಣ 15,703 ಹೆಕ್ಟೇರ್, ಯೋಜನೆಯ ವೆಚ್ಚ ಸುಮಾರು 200 ಕೋಟಿ ರೂಪಾಯಿ. ಆಂಡೀಸ್ ಭಾಗದ ಬ್ರೈನ್‌ಗಳಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ ಕಡಿಮೆ, ಸೋಡಿಯಂ ಜಾಸ್ತಿ. ಚಾರ್‌ಹಾನ್‌ಗೆಂದು ಹದ ಮಾಡಿದ ಸೆಲ್‌ ಅನ್ನು ಹಾಗೇ ಹಡಗಿಗೇರಿಸಿ ಅಲ್ಲಿ ಇಳಿಸಿದರೆ ಎಲ್‌ಎಫ್‌ಪಿ ಸುರಂಗಕ್ಕೆ ಸೋಡಿಯಂ ನುಗ್ಗುತ್ತದೆ. ಅಲ್ಲಿಗೆ ಮಿಡಿತದ ಕರೆಂಟೋ, ಸೋಡಿಯಂ ಅನ್ನು ದೂರವಿಡುವ ಮ್ಯಾಂಗನೀಸ್ ಆಕ್ಸೈಡ್ ಇಲೆಕ್ಟ್ರೋಡೋ ಬೇಕಾದೀತು. ಎರಡನೆಯದನ್ನು ಆರಿಸಿದರೆ ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ ಮ್ಯಾಂಗನೀಸ್ ಕರಗಿ ಹೋಗುವ ಅದರ ಹಳೆಯ ಚಾಳಿಯನ್ನು ಯಂತ್ರದ ವಿನ್ಯಾಸ ಮಾಡುವವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.